ಅಪ್ಪ ನಿಂತರೆ ಅರವತ್ತನಾಲ್ಕು

ನಮ್ಮ ಮಾರುಕಟ್ಟೆಯಲ್ಲಿ ತೂಗುವ ಕೆಲಸ ಅಪ್ಪನದು. ಪ್ರತಿ ಸೋಮವಾರ ವ್ಯಾಪಾರ ಶುರುವಾಗುವ ಮೊದಲು ಅವರು ಚಪ್ಪಲಿ ಕಳಚಿ, ಜೇಬಿನಲ್ಲಿದ್ದ ಬೀಗದ ಕೈ ತೆಗೆದು ಪಕ್ಕಕ್ಕಿಟ್ಟು, ತೂಕದ ಯಂತ್ರದ ಹಲಗೆಯ ಮೇಲೆ ತಾವೇ ನಿಲ್ಲುತ್ತಿದ್ದರು. ಮೇಲಿನ ದಂಡ ಅರವತ್ತನಾಲ್ಕು ಕೆಜಿಗೆ ಸಮನಾಗಿ ನಿಂತರೆ ಯಂತ್ರ ಸರಿಯಿದೆ ಎಂದು ಅರ್ಥ. ನಿಲ್ಲದಿದ್ದರೆ ತಪ್ಪು ಯಂತ್ರದ್ದು, ಅಪ್ಪನದಲ್ಲ. ದಂಡಕ್ಕೆ ತೂಗುಹಾಕುವ ಎದುರು ತೂಕದ ಹೊಟ್ಟೆಯಲ್ಲಿ ಒಂದೆರಡು ಸೀಸದ ಗುಂಡು ಹಾಕಿಯೋ ತೆಗೆದೋ ಅದನ್ನು ದಾರಿಗೆ ತರುತ್ತಿದ್ದರು. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಒಂದು ನರಪಿಳ್ಳೆಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ, ನಾನಂತೂ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ! ಸರ್ಕಾರದ ಮುದ್ರೆಯೊತ್ತಿದ ಕಬ್ಬಿಣದ ತೂಕಗಳು, ಇಪ್ಪತ್ತು ಕೆಜಿಯವು ಐದು, ನಮ್ಮ ಕಚೇರಿಯಲ್ಲೇ ಇದ್ದವು. ಒಂದನ್ನು ಗಾಳಿಗೆ ಬಾಗಿಲು ಬಡಿಯದಂತೆ ಒತ್ತಾಗಿ ಇಟ್ಟಿದ್ದೆವು.

ಅಪ್ಪನ ಪ್ರಾಮಾಣಿಕತೆ ಮನೆಯವರಿಗೆ ತಲೆನೋವಾಗುವಷ್ಟಿತ್ತು. ಒಮ್ಮೆ ನನ್ನ ಸೋದರಮಾವ ಮೂಟೆಯ ತಳಕ್ಕೆ ನೀರು ಚಿಮುಕಿಸಿ ತಂದಿದ್ದ. ಅಪ್ಪ ಅದನ್ನು ಎಲ್ಲರೆದುರು ನೆಲಕ್ಕೆ ಸುರಿಸಿ ಒಣಗಿಸಿದರು. ಮಾವ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಆದರೆ ಸುದ್ದಿ ಮಾತ್ರ ಸುತ್ತಮುತ್ತ ಹಬ್ಬಿ, ಮುಂದಿನ ವಾರ ಮೂವತ್ತು ಗಾಡಿ ಹೆಚ್ಚು ಬಂದವು.

ಹೊಳೆಯ ಕೆಳಗೆ, ಒಂದು ಗಂಟೆಯ ದಾರಿಯಲ್ಲಿ, ಇನ್ನೊಂದು ಮಾರುಕಟ್ಟೆಯಿದೆ. ಅದೇ ಮಣ್ಣು, ಅದೇ ನೀರು. ಅಲ್ಲಿ ಹದಿನೆಂಟು ವರ್ಷದಿಂದ ಚುನಾವಣೆ ನಡೆದಿಲ್ಲ. ಅಂದಿನಿಂದ ಅಧ್ಯಕ್ಷರು ಒಬ್ಬರೇ, ತೂಗುವವನು ಅವರ ಭಾಮೈದ. ಅಲ್ಲಿನ ರೈತರು ಎರಡು ತಿಂಗಳಲ್ಲಿ ಕಿತ್ತು ಮಾರುವ ಸೊಪ್ಪು, ಮೂಲಂಗಿ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ನಮ್ಮ ಕಡೆ ಜನ ಆರು ವರ್ಷಕ್ಕೆ ಫಲ ಕೊಡುವ ಹಣ್ಣಿನ ಗಿಡ ನೆಡುತ್ತಾರೆ. ನಾವು ಕೆಳಗಿನವರನ್ನು ಸೋಮಾರಿಗಳು ಎಂದು ಆಡಿಕೊಂಡು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಅಪ್ಪ ಕಾಯಿಲೆ ಬಿದ್ದರು. ನಲವತ್ತು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಸಮಿತಿ ಬೇರೊಬ್ಬನನ್ನು ನಿಲ್ಲಿಸಿತು. ಅವನು ಕೈಬಾಯಿ ಶುದ್ಧವಿದ್ದ ಮನುಷ್ಯನೇ ಇರಬಹುದು, ಆದರೆ ಅದನ್ನು ತಿಳಿಯುವುದು ಹೇಗೆ? ಯಾರಿಗೂ ದಾರಿ ಇರಲಿಲ್ಲ. ಗಾಡಿಗಳು ಕಡಿಮೆಯಾದವು. ಕೊನೆಯ ವಾರ ಹನ್ನೊಂದೇ ಬಂದವು. ನಮ್ಮೂರಿನ ಹಣ್ಣಿನ ತೋಟದ ಯಜಮಾನರೊಬ್ಬರು ನೆಡಲು ತರಿಸಿದ್ದ ಇನ್ನೂರು ಸಸಿಗಳನ್ನು ವಾಪಸ್ಸು ಕಳಿಸಿದರು. ಯಾಕೆ ಎಂದು ಕೇಳಿದೆ.

"ಇವು ಫಲ ಕೊಡೋಕೆ ಆರು ವರ್ಷ ಬೇಕಮ್ಮ. ನಿಮ್ಮಪ್ಪನಿಗೆ ಈಗ್ಲೇ ಅರವತ್ತೊಂದು," ಎಂದರು.

ಆಗ ನನಗೆ ಅರ್ಥವಾಯಿತು. ನಮ್ಮೂರಿನ ಹೊಸ ಅಂಗಡಿಗಳು, ಶಾಲೆಯ ಮೇಲಿನ ಮಹಡಿ, ತೋಟಗಳು, ಎಲ್ಲ ಅಪ್ಪ ಒಬ್ಬರ ಉಸಿರಿನ ಮೇಲೆ ನಿಂತಿದ್ದವು.

ಅಪ್ಪ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹೋದರು, ಗಾಡಿಗಳೂ ಬಂದವು. ಎಲ್ಲರೂ ನಿಟ್ಟುಸಿರು ಬಿಟ್ಟು ಮರೆತರು. ನನಗೆ ಮಾತ್ರ ಮರೆಯಲಾಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಯೋಚಿಸಿ, ಕೊನೆಗೆ ಒಂದು ನಿಯಮ ಬರೆದು ಸಭೆಯ ಮುಂದಿಟ್ಟೆ. ಪ್ರತಿ ಸೋಮವಾರ ರೈತರು ಮತ್ತು ವ್ಯಾಪಾರಿಗಳ ಹೆಸರಿನ ಚೀಟಿ ಎತ್ತಬೇಕು. ಚೀಟಿ ಬಂದ ಮೂವರು ಕಬ್ಬಿಣದ ತೂಕಗಳನ್ನಿಟ್ಟು ಎಲ್ಲರೆದುರು ಯಂತ್ರವನ್ನು ಪರೀಕ್ಷಿಸಬೇಕು. ತಪ್ಪು ಕಂಡರೆ, ಕಾರಣ ಏನೇ ಇರಲಿ, ತೂಗುವವರು ಮೂರು ತಿಂಗಳು ಪಕ್ಕಕ್ಕೆ ಸರಿಯಬೇಕು.

ಅಪ್ಪ ಆ ಕಾಗದ ಓದಿ ಮಡಿಸಿಟ್ಟರು.

"ಇಪ್ಪತ್ತೇಳು ವರ್ಷ ಆದ್ಮೇಲೆ ನನ್ನ ಮಗಳೇ ನನ್ನನ್ನ ಕಳ್ಳ ಅಂದ್ಳು."

"ಈ ನಿಯಮ ನಿಮಗಲ್ಲ ಅಪ್ಪ. ನಿಮ್ಮ ನಂತರ ಬರೋರಿಗೆ."

"ನಾನಿನ್ನೂ ಹೋಗಿಲ್ವಲ್ಲ!"

ಸಭೆಯಲ್ಲಿ ಅರವತ್ತೊಂದು ಕೈ ಪರವಾಗಿ ಎದ್ದವು, ನಲವತ್ತನಾಲ್ಕು ವಿರುದ್ಧವಾಗಿ. ಅಪ್ಪ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಮೂರು ವಾರ ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದರು: "ಈ ಮನೇಲಿ ಉಪ್ಪಿನ ಡಬ್ಬಿ ಎಲ್ಲಿಡ್ತಾರೋ ದೇವರೇ ಬಲ್ಲ." ಗೋಡೆ ಉತ್ತರ ಕೊಡುತ್ತಿರಲಿಲ್ಲ, ನಾನು ಎದ್ದು ಡಬ್ಬಿ ಕೊಡುತ್ತಿದ್ದೆ.

ನಿಯಮ ಜಾರಿಗೆ ಬಂದ ಮೊದಲ ಸೋಮವಾರ ಚೀಟಿ ಬಂದದ್ದು ಹಣ್ಣಿನ ತೋಟದ ಯಜಮಾನರಿಗೆ, ಒಬ್ಬ ಬಟ್ಟೆ ವ್ಯಾಪಾರಿಗೆ, ಮತ್ತೆ ಈರುಳ್ಳಿ ಮಾರುವ ಅಜ್ಜಿಗೆ. ಆ ಅಜ್ಜಿಯನ್ನು ಎಲ್ಲರೂ ಅನುಮಾನದಜ್ಜಿ ಎಂದೇ ಕರೆಯುವುದು. ತಾನೇ ಕೊಟ್ಟ ಚಿಲ್ಲರೆಯನ್ನೂ ಅವಳು ಎರಡು ಸಲ ಎಣಿಸುತ್ತಾಳೆ. ಅಪ್ಪ ಎಂದಿನಂತೆ ಚಪ್ಪಲಿ ಕಳಚಿ ಹಲಗೆಯ ಮೇಲೆ ನಿಂತರು. ಅರವತ್ತನಾಲ್ಕು. "ನೋಡ್ಕೊಳ್ಳಿ," ಎಂದು ಇಳಿದರು.

ಐದು ತೂಕಗಳನ್ನು ಹೊತ್ತು ತಂದು ಇಟ್ಟರು. ನೂರು ಬರಬೇಕಿತ್ತು. ದಂಡ ತೊಂಬತ್ತೊಂಬತ್ತೂ ಕಾಲರಲ್ಲಿ ನಿಂತಿತು.

ಮತ್ತೆ ಇಟ್ಟರು. ಅಷ್ಟೇ. ಅಜ್ಜಿ ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದಳು. ನೂರು ಕೆಜಿಗೆ ಮುಕ್ಕಾಲು ಕೆಜಿ ಕಡಿಮೆ, ಮೂಟೆ ತಂದ ಪ್ರತಿಯೊಬ್ಬ ರೈತನಿಗೂ.

ಅಪ್ಪ ಎದುರು ತೂಕ ಬಿಚ್ಚಿ ಸೀಸದ ಗುಂಡುಗಳನ್ನು ಅಂಗೈಗೆ ಸುರಿದುಕೊಂಡರು. ಎಣಿಸಿ ನೋಡಿದರು, ಮೊದಲಿಗಿಂತ ಹೆಚ್ಚಿದ್ದವು. ನನಗೂ ಅದೇ ಗಳಿಗೆಯಲ್ಲಿ ಹೊಳೆಯಿತು. ಕಾಯಿಲೆಯಿಂದ ಎದ್ದ ಮೇಲೆ ನಾನು ಇನ್ನೊಂದು ತುತ್ತು, ಇನ್ನೊಂದು ತುತ್ತು ಎಂದು ಬಡಿಸಿ ಬಡಿಸಿ ಅವರನ್ನು ಮೊದಲಿಗಿಂತ ಅರ್ಧ ಕೆಜಿ ದಪ್ಪ ಮಾಡಿದ್ದೆ. ಅಪ್ಪ ಪ್ರತಿ ಸೋಮವಾರ ತಮ್ಮನ್ನು ಅರವತ್ತನಾಲ್ಕಕ್ಕೆ ತರಲು ಯಂತ್ರವನ್ನು ತಿದ್ದುತ್ತ ಹೋಗಿದ್ದರು. ಒಂದು ಕಾಳಿನ ಮೋಸವಿಲ್ಲದೆ, ಶ್ರದ್ಧೆಯಿಂದ, ಇಡೀ ಸೀಮೆಗೆ ತಪ್ಪು ತೂಗಿದ್ದರು.

"ಎಷ್ಟು ದಿನದಿಂದ?" ಎಂದು ಅಪ್ಪ ತಮ್ಮನ್ನೇ ಕೇಳಿಕೊಂಡರು.

ಮೊದಲು ಬಾಯಿಬಿಟ್ಟವಳು ಅನುಮಾನದಜ್ಜಿಯೇ. "ಅಯ್ಯೋ, ಬೇಕಂತ ಮಾಡಿದ್ದಾ ಅದು? ಗುಂಡು ತೆಗೀರಿ, ತೂಕ ಶುರು ಮಾಡಿ. ನಾನೇ ಬಿಟ್ಟೆ ಅಂತಿದೀನಲ್ಲ!"

"ಹೌದಮ್ಮ, ಈ ಒಂದ್ಸಲ ಹೊಟ್ಟೆಗೆ ಹಾಕ್ಕೊಳ್ಳೋಣ," ಎಂದರು ತೋಟದ ಯಜಮಾನರು. ಸುತ್ತ ನಿಂತವರೆಲ್ಲ ಹೂಂಗುಟ್ಟಿದರು. ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ.

ಬಿಟ್ಟುಬಿಡಬೇಕು ಎಂದು ನನಗೆ ಎಷ್ಟು ಆಸೆಯಾಯಿತೆಂದು ಹೇಳಲಾರೆ. ಒಂದು ಮಾತು ಅಂದಿದ್ದರೆ ಸಾಕಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು.

"ಇವತ್ತು ನಮ್ಮಪ್ಪ ಒಳ್ಳೇವರು ಅಂತ ಬಿಟ್ರೆ, ನಾಳೆ ಬರೋನು ನಾನೂ ಒಳ್ಳೇವನೇ ಅಂತಾನೆ," ಎಂದೆ. "ಆಗ ಏನು ಹೇಳೋಣ?"

ನಾನು ನಿಯಮವನ್ನು ಜೋರಾಗಿ ಓದಿದೆ. ಮೂರು ತಿಂಗಳು ಎನ್ನುವ ಸಾಲನ್ನೂ ಬಿಡದೆ ಓದಿ ಮುಗಿಸಿದೆ. ಅಪ್ಪ ಯಂತ್ರದ ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ಹಲಗೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದರು. ಕಬ್ಬಿಣದ ತೂಕಕ್ಕೆ ಯಂತ್ರ ಸರಿಹೊಂದಿಸಿದ ಮೇಲೆ ಸಮಿತಿ ಗೋದಾಮಿನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕನನ್ನು ತೂಗಲು ಆರಿಸಿತು.

ಮುಂದಿನ ಸೋಮವಾರ ಬೆಳಗ್ಗೆಯೇ ಹೋಗಿ ರಸ್ತೆ ನೋಡುತ್ತ ನಿಂತೆ. ಹನ್ನೊಂದು ಗಾಡಿ ಬಂದರೆ ಏನು ಮಾಡುವುದು? ಅಪ್ಪನನ್ನೂ ಕಳೆದುಕೊಂಡು ಮಾರುಕಟ್ಟೆಯನ್ನೂ ಕಳೆದುಕೊಂಡಂತೆ. ಎಂಟು ಗಂಟೆಗೆ ಮೊದಲ ಗಾಡಿಗಳು ತಿರುವಿನಲ್ಲಿ ಕಾಣಿಸಿದವು. ಆಮೇಲೆ ಎಣಿಸಲು ಪುರುಸೊತ್ತಾಗಲಿಲ್ಲ. ಜನ ತೂಗುವವಳ ಮುಖ ನೋಡಲಿಲ್ಲ, ಕಬ್ಬಿಣದ ತೂಕಗಳನ್ನು ಇಡುವುದನ್ನು ನೋಡಿದರು, ನೂರು ಬಂತು ಎಂದು ಖಾತ್ರಿ ಮಾಡಿಕೊಂಡು ಮೂಟೆ ಇಳಿಸಿದರು.

ಸಂಜೆ ಮನೆಗೆ ಬಂದಾಗ ಅಪ್ಪ ಕಿಟಕಿಯ ಹತ್ತಿರ ಕೂತಿದ್ದರು. ಅಲ್ಲಿಂದ ರಸ್ತೆ ಕಾಣುತ್ತದೆ. ಇಡೀ ದಿನ ಅಲ್ಲೇ ಕೂತಿದ್ದರೇನೋ.

"ನೂರ ಹದಿನಾರು ಗಾಡಿ," ಎಂದರು. ಗೋಡೆಗಲ್ಲ, ನನಗೇ. "ನಾನಿದ್ದಾಗ ಯಾವತ್ತೂ ನೂರು ದಾಟಿರಲಿಲ್ಲ."

ನಾನು ಅವರ ಪಕ್ಕ ಕೂತೆ.

"ನೀನು ಮಾಡಿದ್ದು ಸರಿ," ಎಂದರು. ಮತ್ತೆ ರಸ್ತೆಯ ಕಡೆ ತಿರುಗಿದರು. "ಆದ್ರೆ ಮಗಳೇ, ಒಬ್ಬನಾದ್ರೂ ನಾನೆಲ್ಲಿ ಅಂತ ಕೇಳಿದ್ನಾ?"

ಯಾರೂ ಕೇಳಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಅಪ್ಪನಿಗೆ ಸುಳ್ಳು ಹೇಳಿದೆ.