ಟೈಲರಕ್ಕ ಮುಚ್ಚಿಟ್ಟ ಮಾತ್ರೆ

ಶಾಲೆ ಶುರುವಾಗುವ ಹೊತ್ತಿಗೆ ಟೈಲರಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕುರ್ಚಿಯ ಮೇಲೆ ಸಮವಸ್ತ್ರ, ಕಿಟಕಿಯ ಮೇಲೆ ಸಮವಸ್ತ್ರ, ಬಂದು ಕೂತವರ ತೊಡೆಯ ಮೇಲೂ ಎರಡು. ಆ ಶುಕ್ರವಾರ ಹಾಗೆ ಬಂದು ಕೂತವಳು ಪಕ್ಕದ ಮನೆಯ ನರ್ಸಮ್ಮ.

“ಭಾನುವಾರ ಬೆಳಿಗ್ಗೆ ಆರಕ್ಕೆ ಅಭ್ಯಾಸದ ಸವಾರಿ. ನಲವತ್ತು ಕಿಲೋಮೀಟರ್. ಪ್ರವಾಸಕ್ಕೆ ಏನೇನು ತರ್ತೀಯೋ ಅಷ್ಟನ್ನೂ ಸೈಕಲ್ಲಿಗೆ ಕಟ್ಕೊಂಡು ಬಾ.”

ಬೀದಿಯ ಎಂಟು ಹೆಂಗಸರು ಆರು ದಿನದ ಸೈಕಲ್ ಪ್ರವಾಸಕ್ಕೆ ಸಜ್ಜಾಗಿದ್ದರು. ಮುಂದಾಳು ನರ್ಸಮ್ಮ.

“ನನಗ್ಯಾಕೆ ಅಭ್ಯಾಸ?” ಟೈಲರಕ್ಕ ಹೊಲಿಗೆ ನಿಲ್ಲಿಸದೆಯೇ ಕೇಳಿದಳು. “ಹದಿನೈದು ವರ್ಷದಿಂದ ದಿನಾ ಎಂಟು ಗಂಟೆ ಪೆಡಲ್ ತುಳೀತಿದ್ದೀನಿ. ಇಷ್ಟೊತ್ತಿಗೆ ಭೂಮಿ ಎರಡು ಸುತ್ತು ಬಂದಿರ್ತಿದ್ದೆ.”

“ಭೂಮಿ ಸುತ್ತಿದ್ದೀಯ, ಸ್ಟೂಲ್ ಬಿಟ್ಟು ಎದ್ದಿಲ್ಲ. ಬಾಯಿ ಮುಚ್ಕೊಂಡು ಬಾ,” ಎಂದು ನಕ್ಕು ನರ್ಸಮ್ಮ ಎದ್ದು ಹೋದಳು.

ಟೈಲರಕ್ಕ ನಗಲಿಲ್ಲ. ಅವಳ ಭಯ ಕಾಲಿನದಲ್ಲ, ಗುಂಡಿಯ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಇಟ್ಟಿದ್ದ ಮಾತ್ರೆಯದು. ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಗಂಡನಿಗೆ ಬಿಟ್ಟರೆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಗುಂಪಿನವರಿಗೆ ಹೇಳ್ಬಿಡೇ,” ಎಂದು ಗಂಡ ಅಂದು ರಾತ್ರಿಯ ಊಟದಲ್ಲೂ ಹೇಳಿದ. ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವ ಮನುಷ್ಯ, ಮಾತು ಕಡಿಮೆ.

“ಹೇಳಿದ್ರೆ ಕರ್ಕೊಂಡು ಹೋಗ್ತಾರೇನ್ರೀ? ‘ನೀನು ಮನೇಲಿ ಆರಾಮಾಗಿರಕ್ಕ’ ಅಂತಾರೆ.”

ಮದುವೆಯಾದ ಮೇಲೆ ಟೈಲರಕ್ಕ ಮನೆಯ ಹೊರಗೆ ರಾತ್ರಿ ಕಳೆದದ್ದು ಹೆರಿಗೆ ಆಸ್ಪತ್ರೆಯಲ್ಲಿ ಮಾತ್ರ. ಈ ಆರು ದಿನಕ್ಕಾಗಿ ಅವಳು ಎಷ್ಟು ಆಸೆಪಟ್ಟಿದ್ದಳೆಂದರೆ, ಮೂರು ತಿಂಗಳ ಮೊದಲೇ ಸೈಕಲ್ಲಿನ ಚೀಲ ಹೊಲಿದಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಕೆಲಸದ ಗಡಿಬಿಡಿಯಲ್ಲಿ ಮಾತ್ರೆ ನುಂಗಿದಳು. ತಿಂಡಿ ತಿನ್ನಲಿಲ್ಲ. ಹೊಟ್ಟೆ ಹಗುರ ಇದ್ದರೆ ಸೈಕಲ್ಲೂ ಹಗುರ ಓಡುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎಂಥ ಜಾಣೆ ನೋಡಿ!

ಮೊದಲ ಹದಿನೈದು ಕಿಲೋಮೀಟರ್ ಟೈಲರಕ್ಕನೇ ಎಲ್ಲರಿಗಿಂತ ಮುಂದೆ. ಸೇತುವೆಯ ಏರು ಶುರುವಾದಾಗ ಕೈ ನಡುಗಿತು. ಎದೆ ಡವಡವ ಹೊಡೆದುಕೊಂಡಿತು. ರಸ್ತೆ ಅಲುಗಾಡಿದಂತೆ ಕಂಡಿತು. ಹಿಂದಿನಿಂದ ಬಂದ ನರ್ಸಮ್ಮ, “ಯಾಕೆ ವಾಲಾಡ್ತಿದ್ದೀಯ? ನಿಲ್ಲು,” ಎಂದಳು.

“ನಿನಗೇನೇ ಕಷ್ಟ? ನಿನ್ನ ದಾರಿ ನೀನು ನೋಡ್ಕೋ!” ಎಂದು ಟೈಲರಕ್ಕ ಸಿಡುಕಿದಳು. ಯಾರ ಮೇಲೂ ದನಿ ಏರಿಸದ ಹೆಂಗಸು! ನರ್ಸಮ್ಮ ತಕ್ಷಣ ಇಳಿದು ಅವಳ ಸೈಕಲ್ ಹಿಡಿದು ನಿಲ್ಲಿಸಿದಳು. ಕುತ್ತಿಗೆ ಮುಟ್ಟಿ ನೋಡಿದರೆ ಬೆವರು ತಣ್ಣಗಿತ್ತು.

“ನಿಜ ಹೇಳು. ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತೀಯಾ?”

ಟೈಲರಕ್ಕ ಹೌದೆಂದು ತಲೆಯಾಡಿಸಿದಳು.

“ತಿಂಡಿ?”

“ಇಲ್ಲ.”

ನರ್ಸಮ್ಮ ಅವಳನ್ನು ರಸ್ತೆಬದಿಗೆ ಕೂರಿಸಿ, ತನ್ನ ಚೀಲದಲ್ಲಿದ್ದ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿದಳು. ಕಾಲು ಗಂಟೆ ಕಾದು, ನಡುಕ ನಿಂತ ಮೇಲೆ ಬ್ರೆಡ್ಡು, ಬಾಳೆಹಣ್ಣು ತಿನ್ನಿಸಿದಳು. ಕಣ್ಣು ಸರಿಯಾದದ್ದೇ ತಡ, ಟೈಲರಕ್ಕನಿಗೆ ಅಳು ಬಂತು.

“ನನ್ನ ಬಿಟ್ಟು ಹೋಗ್ಬೇಡ ಕಣೇ.”

“ಅಯ್ಯೋ ಹುಚ್ಚಿ! ಯಾರನ್ನ ಬಿಡಬೇಕು ಅಂತ ಹುಡುಕೋಕಲ್ಲ ಈ ಅಭ್ಯಾಸ. ಯಾರಿಗೆ ಏನು ಬೇಕು ಅಂತ ತಿಳ್ಕೊಳ್ಳೋಕೆ. ಮೊದಲೇ ಕೇಳಬೇಕಿತ್ತು ನಾನು. ನರ್ಸಾಗಿ ಚೀಲದ ತೂಕ ಕೇಳಿದೆ, ಮೈ ಹೇಗಿದೆ ಅಂತ ಕೇಳಲಿಲ್ಲ.”

ಅಲ್ಲಿಂದಲೇ ಎಲ್ಲರೂ ಹಿಂದಿರುಗಿದರು. ಟೈಲರಕ್ಕ ಸೈಕಲ್ ಹತ್ತಲಿಲ್ಲ, ಒಂದು ಆಟೋ ಹಿಡಿದು ಕೂರಿಸಿದರು. ಮನೆಯಲ್ಲಿ ಸಂಗತಿ ಕೇಳಿದ ಗಂಡನ ಮುಖ ಬಿಳಿಚಿತು.

“ಸಾಕು ಈ ಸೈಕಲ್ ಸಹವಾಸ. ಪ್ರವಾಸವೂ ಬೇಡ, ಏನೂ ಬೇಡ.”

“ಅಣ್ಣಾ,” ಎಂದಳು ನರ್ಸಮ್ಮ, “ಇದು ಪ್ರವಾಸದ ನಾಲ್ಕನೇ ದಿನ ಮನೆಯೂ ಇಲ್ಲ, ಅಂಗಡಿಯೂ ಇಲ್ಲ ಅನ್ನೋ ದಾರೀಲಿ ಆಗಿದ್ರೆ? ಇವತ್ತು ಆಗಿದ್ದು ಒಳ್ಳೇದೇ ಆಯ್ತು. ಸಕ್ಕರೆ ಕಾಯಿಲೆಯ ಕೆಲವು ಬಗೆಯ ಮಾತ್ರೆ ನುಂಗಿ, ಊಟ ಬಿಟ್ಟು ಮೈ ದಣಿಸಿದ್ರೆ ರಕ್ತದಲ್ಲಿ ಸಕ್ಕರೆ ಇಳಿದುಬಿಡುತ್ತೆ. ಡಾಕ್ಟರ ಹತ್ರ ಹೋಗೋಣ. ಅವರು ಬೇಡ ಅಂದ್ರೆ ನಾನೇ ಬೇಡ ಅಂತೀನಿ.”

ಡಾಕ್ಟರು ಬೈದರು. ಬೈದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸಿ, ದಾರಿಯಲ್ಲಿ ಎಷ್ಟು ಹೊತ್ತಿಗೊಮ್ಮೆ ತಿನ್ನಬೇಕು, ಯಾವಾಗ ನಿಲ್ಲಬೇಕು ಎಂದು ಬರೆದುಕೊಟ್ಟರು. ಇನ್ನೊಂದು ಅಭ್ಯಾಸ ಮಾಡಿ ಬಂದು ತೋರಿಸಿ, ಆಮೇಲೆ ನೋಡೋಣ ಎಂದರು.

ಸೋಮವಾರ ಸಂಜೆ ಟೈಲರಕ್ಕ ಗುಂಪಿನವರನ್ನೆಲ್ಲ ಅಂಗಡಿಗೆ ಕರೆದಳು. ಮಾತ್ರೆಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, “ಇದು ನನ್ನದು. ಇದಿದೆ ಅಂತ ಹೇಳೋಕೆ ನಾಚಿಕೆಯಾಗಿತ್ತು,” ಎಂದಳು. ಆಮೇಲೆ ಗ್ರಂಥಾಲಯದ ಅಕ್ಕ ಕೈಚೀಲಕ್ಕೆ ಕೈ ಹಾಕಿ ಉಬ್ಬಸದ ಪಂಪು ತೆಗೆದು ಪಕ್ಕದಲ್ಲಿಟ್ಟಳು. ಡ್ರಿಲ್ ಟೀಚರ್ ತಲೆ ತಗ್ಗಿಸಿಕೊಂಡು, “ನನಗೆ ಬಿ.ಪಿ. ಇದೆ, ಮಾತ್ರೆ ಮನೇಲಿದೆ, ತಂದುಬಿಡ್ಲಾ?” ಎಂದು ಕೇಳಿದಳು. ಎಲ್ಲರಿಗೂ ನಗು ತಡೆಯಲಾಗಲಿಲ್ಲ.

ಎರಡನೇ ಭಾನುವಾರ ಗಂಡ ತಾನೇ ಬೇಗ ಎದ್ದು ತಿಂಡಿ ಬಡಿಸಿ, ಅವಳು ತಿಂದು ಮುಗಿಸುವವರೆಗೂ ಎದುರಿಗೇ ಕೂತಿದ್ದ. ಚೀಲಕ್ಕೆ ಬನ್ನು, ಸಕ್ಕರೆ ತುಂಬಿದ. ಟೈಲರಕ್ಕ ನಲವತ್ತು ಕಿಲೋಮೀಟರ್ ಮುಗಿಸಿ ಬಂದಾಗ ಬಾಗಿಲಲ್ಲೇ ನಿಂತಿದ್ದ. “ನಡುಕ ಬಂತಾ?” ಎಂದು ಕೇಳಿದ. ಇಲ್ಲ ಎಂದಳು. “ಡಾಕ್ಟರೂ ಸೈ ಅಂದ್ರೆ ಹೋಗಿ ಬಾರೇ,” ಎಂದ. ಡಾಕ್ಟರು ಸೈ ಎಂದರು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಸೈಕಲ್ಲಿನಲ್ಲಿ ದೂರ ಹೊರಟಿದ್ದೀರಾ? ಹೊರಡುವ ಮುಂಚೆ ಪೂರ್ತಿ ಹೊರೆ ಹೊತ್ತು ಒಂದು ದಿನ ಅಭ್ಯಾಸ ಮಾಡಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ, ಜೊತೆಗೆ ಬರುವವರಿಗೆ ಬಾಯಿಬಿಟ್ಟು ಹೇಳಿ. ನಿಮ್ಮ ಜೊತೆಯವರನ್ನೂ ಕೇಳಿ, ಅವರೂ ಹೇಳಲು ಹೆದರಿ ಕೂತಿರಬಹುದು. ಅಭ್ಯಾಸದ ದಿನ ಮೈ ಕೈಕೊಟ್ಟರೆ ಮನೆ ಹತ್ತಿರದಲ್ಲೇ ಇರುತ್ತದೆ.