ಸೋರುವ ಕಿವಿಗೆ ಎಲೆಯ ರಸ

ಕಿವಿನೋವಿನ ಮಕ್ಕಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ನಮ್ಮ ಸವಾಯಿ ದ್ವೀಪದ ಈ ಊರಿಗೆ ನಾನೊಬ್ಬಳೇ ನರ್ಸ್. ಮನೆಗೆ ಬಂದರೆ ಗಂಡನ ಸೋದರತ್ತೆ ಲೆಪೆಕಾ, ಊರಿಗೆಲ್ಲ ಎಲೆಮದ್ದು ಕೊಡುವವಳು. ಕಿವಿ ನೋಯಿತೆಂದರೆ ಮೊದಲು ಅವಳ ಹತ್ತಿರ, ಕೈಮೀರಿದ ಮೇಲೆ ನನ್ನ ಹತ್ತಿರ.

ಅವಳ ಮದ್ದಿನ ಮೇಲೆ ನನಗೆ ಹಗೆಯೇನಿಲ್ಲ. ಎಲೆ ಹಿಂಡಿ, ರಸವನ್ನು ಕೊಬ್ಬರಿ ಎಣ್ಣೆಯಲ್ಲಿ ಬೆಚ್ಚಗೆ ಮಾಡಿ ನಾಲ್ಕು ಹನಿ ಬಿಡುತ್ತಾಳೆ. ನೋವು ತಗ್ಗುತ್ತದೆ. ಹೊರದೇಶಗಳಲ್ಲಿ ಇಂಥ ಮೂಲಿಕೆಯ ಹನಿಗಳನ್ನು ಮಕ್ಕಳಿಗೆ ಹಾಕಿ ಪರೀಕ್ಷಿಸಿದವರೂ ಹಾಗೆಯೇ ಬರೆದಿದ್ದಾರೆ. ಆದರೆ ಪರೀಕ್ಷೆಗಳು ಚಿಕ್ಕವು, ಮೇಲಾಗಿ ಹೆಚ್ಚಿನ ಕಿವಿನೋವು ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ. ಇದನ್ನು ಹೇಳಿದಾಗ ಅತ್ತೆ, ಹಾಗಾದರೆ ನಿನ್ನ ಮಾತ್ರೆಯ ಹೆಗ್ಗಳಿಕೆಯೂ ಅಷ್ಟೇ ತಾನೆ ಎಂದು ನಕ್ಕಳು. ಬಹಳಷ್ಟು ಸಲ ಅದೂ ನಿಜ.

ಆದರೆ ಸೋರುವ ಕಿವಿಗೆ ಎಲೆಯ ರಸ ಬಿಡಬಾರದು. ಇದೊಂದು ಮಾತು ಎಷ್ಟು ಹೇಳಿದರೂ ಈ ಊರಿನ ತಲೆಗೆ ಹತ್ತುವುದಿಲ್ಲ. ಕಿವಿಯೊಳಗಿನ ತಮಟೆ ಒಡೆದು ಕೀವು ಹೊರಬಂದಾಗ ನೋವು ಥಟ್ಟನೆ ನಿಲ್ಲುತ್ತದೆ. ಇವರು ಎಲೆ ಕೆಲಸ ಮಾಡಿತು, ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ ಎಂದು ಹನಿ ಮುಂದುವರಿಸುತ್ತಾರೆ. ಮದ್ದು ಶುರುಮಾಡಿದವಳು ಮುಗಿಯಿತು ಅನ್ನುವವರೆಗೆ ಮಗುವನ್ನು ಇನ್ನೊಬ್ಬರಿಗೆ ತೋರಿಸುವ ಹಾಗೂ ಇಲ್ಲ. ಎರಡು ಮದ್ದು ಒಂದಕ್ಕೊಂದು ಕಾದಾಡಿ ಮಗುವನ್ನು ಹಾಳುಮಾಡುತ್ತವಂತೆ.

ಪಕ್ಕದ ಮನೆಯ ಫುವಾಟಿನೊಳ ಮಗಳು ಮೊಯೆಲಾಂಗಿಯ ಕಿವಿ ಹೀಗೆ ಸೋರತೊಡಗಿ ವಾರಗಳಾಗಿದ್ದವು. ಕರೆದರೆ ತಿರುಗುತ್ತಿರಲಿಲ್ಲ. ಶಾಲೆಯಲ್ಲಿ ಸೋಮಾರಿ ಎಂದು ಬೈಸಿಕೊಳ್ಳುತ್ತಿದ್ದಳು. ಆಸ್ಪತ್ರೆಗೆ ಕರೆತಾ ಎಂದರೆ ಫುವಾಟಿನೊ, ಮೊದಲು ಲೆಪೆಕಾ ಬಿಟ್ಟುಕೊಡಲಿ ಅನ್ನುತ್ತಿದ್ದಳು. ಅದನ್ನು ಲೆಪೆಕಾಳ ಹತ್ತಿರ ಕೇಳಬೇಕಾದವಳು ನಾನು. ಮದುವೆಯಾಗಿ ಈ ಮನೆಗೆ ಬಂದವಳ ಕೆಲಸ ಊಟ ಬಡಿಸುವುದು, ಗಂಡನ ಕಡೆಯ ಹಿರಿಯರಿಗೆ ಬುದ್ಧಿ ಹೇಳುವುದಲ್ಲ.

ಆದರೂ ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ, ಬೇಯಿಸಿದ ಕೆಸುವಿನ ಗೆಡ್ಡೆಯ ತಟ್ಟೆಯನ್ನು ಅತ್ತೆಯ ಮುಂದಿಟ್ಟು ಚಾಪೆಯ ಮೇಲೆ ಕಾಲು ಮಡಚಿ ಕೂತೆ.

"ಅತ್ತೆ, ಆ ಮಗೂನ ನಂಗೆ ಬಿಟ್ಕೊಡಿ. ಕಿವಿ ಒರೆಸಿ ಒಣಗಿಸ್ಬೇಕು. ಹೀಗೇ ಬಿಟ್ರೆ ಕಿವಿ ಹೋಗುತ್ತೆ."

"ನೋವಿದೆಯೇನೇ ಅದಕ್ಕೆ?"

"ನೋವಿಲ್ಲ. ಕೇಳ್ಸೋದೂ ಇಲ್ಲ."

ಅವಳು ಗೆಡ್ಡೆ ಮುರಿಯುತ್ತ, "ಪುರಾವೆ ಪುರಾವೆ ಅಂತಿರ್ತೀಯಲ್ಲ, ಇಲ್ನೋಡು" ಎಂದು ತನ್ನ ಎಡಗಿವಿ ಮುಟ್ಟಿದಳು. "ನಾನು ಅವಳಷ್ಟಿದ್ದಾಗ ಇದೂ ಸೋರ್ತಿತ್ತು. ಅಮ್ಮ ಇದೇ ಎಲೆ ಹಿಂಡಿದ್ಲು. ಅವತ್ತಿಂದ ಒಂದ್ಸಲಾನೂ ನೋವು ಬಂದಿಲ್ಲ."

ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ಅವಳಿಗೆ ಆ ಕಿವಿ ಕೇಳುವುದೇ ಇಲ್ಲ. ಮನೆಯವರೆಲ್ಲ ಅವಳ ಬಲಕ್ಕೇ ಕೂತು ಮಾತಾಡುತ್ತೇವೆ. ಆಗಲೂ ನಾನು ಬಲಕ್ಕೇ ಕೂತಿದ್ದೆ. ಎಲೆಯೇ ಕೆಡಿಸಿತು ಎಂದು ನಾನು ಆಣೆ ಮಾಡಲಾರೆ. ಸೋರುವುದನ್ನು ವಾಸಿ ಎಂದು ನಂಬಿ ಹಾಗೇ ಬಿಟ್ಟದ್ದಂತೂ ನಿಜ.

"ಆ ಕಿವಿ ಕೇಳ್ಸುತ್ತಾ ಅತ್ತೆ?" ಎಂದೆ. ಈ ಮನೆಯಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

ಲೆಪೆಕಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಪಕ್ಕದ ಮನೆಯ ಕಡೆ ತಿರುಗಿ, "ಫುವಾಟಿನೊ, ನನ್ ಮದ್ದು ಮುಗೀತು. ಬೆಳಿಗ್ಗೆ ಇವಳ ಹತ್ರ ಮಗೂನ ಕರ್ಕೊಂಡ್ಹೋಗು" ಎಂದು ಕೂಗಿ ಹೇಳಿದಳು.

ಆಮೇಲೆ ದನಿ ತಗ್ಗಿಸಿ ಕೇಳಿದಳು.

"ನನ್ ಕಿವಿಗೂ ಏನಾದ್ರೂ ಇದೆಯೇನೇ ನಿನ್ ಹತ್ರ?"

"ಇಲ್ಲ ಅತ್ತೆ," ಎಂದೆ.