ಕಿವಿ ಮೇಸ್ತ್ರಿಯ ಕಾರು

"ಕಿವಿ ಬೇಕು ಕಣೇ, ಕಿವಿ! ಸ್ಪ್ಯಾನರ್ ಹಿಡಿದೋರೆಲ್ಲ ಮೆಕ್ಯಾನಿಕ್ ಆಗ್ಬಿಡಲ್ಲ!"

ಅಪ್ಪ ಕೂಗಿದ್ದು ಎದುರಿನ ಟೈರಂಗಡಿಗೂ ಕೇಳಿಸಿತು. ಗ್ಯಾರೇಜಿನ ಬೆಂಚಿನ ಮೇಲೆ ಗಿರಾಕಿಗಳು ಬೇರೆ ಕೂತಿದ್ದರು. ಮಗಳು ಕಾರಿನ ಕೆಳಗೆ ಅಂಗಾತ ಮಲಗಿದ್ದರಿಂದ ಅವಳ ಮುಖ ಯಾರಿಗೂ ಕಾಣಲಿಲ್ಲ. ಕಂಡಿದ್ದರೆ ಗಿರಾಕಿಗಳು ಎದ್ದು ಹೋಗುತ್ತಿದ್ದರು.

ಹೊಗೆಯನ್ನು ಶುದ್ಧ ಮಾಡುವ ಉಕ್ಕಿನ ಡಬ್ಬಿ, ಕ್ಯಾಟಲಿಟಿಕ್ ಕನ್ವರ್ಟರ್, ಅವಳ ಕಣ್ಣೆದುರೇ ಕೆಂಡದಂತೆ ಕೆಂಪಗಾಗಿತ್ತು. ಅದರ ಮೇಲಿನ ಕಾರ್ಪೆಟ್ಟು ಸುಟ್ಟ ವಾಸನೆ. ಹಳೆಯದು ಕರಗಿಹೋಯಿತೆಂದು ಹೋದ ತಿಂಗಳಷ್ಟೇ ಹೊಸದು ಹಾಕಿದ್ದಳು. ಇದಕ್ಕೂ ಅದೇ ಗತಿ ಬಂದಿತ್ತು.

ಎಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಇಲ್ಲಿಗೆ ಬಂದು ಉರಿದರೆ ಹೀಗಾಗುತ್ತದೆ. ಹೋದ ಸಲವೇ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ್ದಳು. ಒಂದಕ್ಕೆ ಮಾತ್ರ ಮಸಿ ಹಿಡಿದಿದ್ದರೆ ಆ ಪ್ಲಗ್ಗಿನದೋ ವೈರಿನದೋ ತಪ್ಪು. ಆದರೆ ಎಲ್ಲವೂ ಕಪ್ಪಗಿದ್ದವು. ಅಂದರೆ ಕಾರ್ಬುರೇಟರು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತಿದೆ, ಮತ್ತು ಅದನ್ನು ಟ್ಯೂನ್ ಮಾಡಿದವಳು ಅವಳೇ. ಎಷ್ಟು ಸಲ ನೋಡಿದರೂ ಅದು ಸರಿಯಾಗಿಯೇ ಇತ್ತು. ಅವಳೇ ಗಂಟೆಗಟ್ಟಲೆ ಓಡಿಸಿದರೂ ಡಬ್ಬಿ ಕೆಂಪಾಗುತ್ತಿರಲಿಲ್ಲ. ಅಪ್ಪ ಒಂದು ಸುತ್ತು ಹೋಗಿ ಬಂದರೆ ಸಾಕು, ಕೆಂಡ.

ಎಲ್ಲರೂ ಅವರನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದುದು. ಬಾನೆಟ್ ಎತ್ತದೆ, ಬರೀ ಸದ್ದು ಕೇಳಿ, ಯಾವ ವಾಲ್ವು ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದರು. ಮಗಳಿಗಿಂತ ವಯಸ್ಸಾದ ಈ ಕಾರೆಂದರೆ ಅವರಿಗೆ ಪ್ರಾಣ. ಇದನ್ನು ಸರಿಮಾಡಿದರೆ ಗ್ಯಾರೇಜು ನಿನ್ನದು ಎಂದಿದ್ದವರು ಇವತ್ತು ಎಲ್ಲರೆದುರು ಮಾತು ತಿರುಗಿಸಿದರು.

"ನಾಳೆಯಿಂದ ನಿನ್ನ ಭಾವ ಬರ್ತಾರೆ. ಅವರೇ ನೋಡ್ಕೊಳ್ಳಲಿ."

ಅಕ್ಕನ ಗಂಡ! ಸ್ಟೆಪ್ನಿ ಬದಲಿಸಲೂ ಬಾರದ ಮಹಾರಾಯ! ಮಗಳು ಕಾರಿನ ಕೆಳಗಿಂದ ಈಚೆ ಬಂದಳು. ಡಬ್ಬಿಯ ಕೆಂಪು ಆರುವವರೆಗೆ ಕಾದಳು.

"ಒಂದು ರೌಂಡ್ ಹೋಗೋಣ. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಅಪ್ಪ ತಿರುಗಿಯೂ ನೋಡಲಿಲ್ಲ. ಇತ್ತೀಚೆಗೆ ಹೀಗೇ, ಅವಳ ಮಾತೆಂದರೆ ಕಾಲಕಸ. ಇನ್ನೊಮ್ಮೆ ಹೇಳಿದಳು. ಆಮೇಲೆ ಕಿರುಚಿದಳು.

"ನನ್ನ ಡ್ರೈವಿಂಗೇ ಪರೀಕ್ಷೆ ಮಾಡ್ತೀಯೇನೇ?"

"ಹೂಂ, ಮಾಡ್ತೀನಿ!"

ಅಪ್ಪ ದುಮುಗುಟ್ಟುತ್ತ ಕಾರು ಹತ್ತಿ, ಅವಳು ಪಕ್ಕದಲ್ಲಿ ಕೂರುತ್ತಲೇ ಎಂಜಿನ್ ಚಾಲೂ ಮಾಡಿದರು. ಕೂಡಲೇ ಚೋಕಿನ ಗುಂಡಿಯನ್ನು ಪೂರ್ತಿ ಹೊರಗೆಳೆದರು. ಚಳಿಯ ಬೆಳಗ್ಗೆ ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಕುಡಿಸಲು ಇರುವ ಗುಂಡಿ ಅದು. ಎಂಜಿನ್ ಇನ್ನೂ ಬಿಸಿಯಾಗಿತ್ತು. ಶೆಡ್ಡು ಅದುರುವಂತೆ ಅದು ಅಬ್ಬರಿಸಿತು, ಅಪ್ಪನ ಮುಖದ ಬಿಗಿ ಸಡಿಲಿತು.

ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಕಲಿಯುವಾಗ ಚೋಕು ಒಳಗೆ ತಳ್ಳುವುದನ್ನು ಮರೆತಳೆಂದು ಅವಳ ಕೈಗೆ ಸ್ಪ್ಯಾನರಿನಿಂದ ಬಾರಿಸಿದವರು ಇವರೇ.

"ಬೈಯಿಸಿಕೊಳ್ಳೋಕೆ ನಾನು, ಹಾಳು ಮಾಡೋಕೆ ನೀನಾ?" ಎನ್ನುತ್ತ ಗುಂಡಿಯನ್ನು ಪಟ್ಟನೆ ಒಳಗೆ ತಳ್ಳಿದಳು.

ಅಬ್ಬರ ಇಳಿಯಿತು. ಎಂಜಿನ್ ಮೆತ್ತಗೆ, ಹದವಾಗಿ, ಅವಳು ಟ್ಯೂನ್ ಮಾಡಿದ್ದ ಹಾಗೆಯೇ ಓಡತೊಡಗಿತು.

"ನೋಡು, ನಿಂತೇಹೋಯ್ತು! ಇದೇನಾ ನಿನ್ನ ಟ್ಯೂನಿಂಗು?" ಎಂದು ಅಪ್ಪ ಕೀ ತಿರುಗಿಸಿದರು.

ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರಿನ ಹಲ್ಲು ತಾಗಿ ಕರಕರ ಕಿರುಚಿತು. ಗಿರಾಕಿಗಳು ಹೌಹಾರಿ ಎದ್ದರು. ಟೈರಂಗಡಿಯವನು ಹೊರಗೆ ಬಂದ. ಅಪ್ಪ ಇನ್ನೊಮ್ಮೆ ತಿರುಗಿಸಿದರು.

ಅವಳು ಅವರ ಮಣಿಕಟ್ಟು ಹಿಡಿದುಕೊಂಡಳು.

"ಯಾವಾಗಿಂದ ಕೇಳಿಸ್ತಿಲ್ಲ?"

ಅಪ್ಪ ಅವಳ ತುಟಿಗಳನ್ನೇ ನೋಡುತ್ತಿದ್ದರು. ಅವಳು ಆ ಕೈಯನ್ನು ಎಳೆದು ಗೇರಿನ ಕಡ್ಡಿಯ ಮೇಲಿಟ್ಟು ಒತ್ತಿದಳು, ನೋಯುವಷ್ಟು ಜೋರಾಗಿ. ಕಡ್ಡಿ ಸಣ್ಣಗೆ ನಡುಗುತ್ತಿತ್ತು. ಅಪ್ಪ ಕಡ್ಡಿಯನ್ನು ನೋಡಿದರು, ಚೋಕಿನ ಗುಂಡಿಯನ್ನು ನೋಡಿದರು.

"ನಿನ್ನ ಭಾವನಿಗೆ ಹೇಳ್ಬೇಡ ಕಣೇ," ಎಂದರು ತಗ್ಗಿದ ದನಿಯಲ್ಲಿ.

"ಭಾವ ಇಲ್ಲಿಗೆ ಬಂದ್ರೆ ತಾನೇ ಹೇಳೋದು!"

ಅವರಿಗೆ ಕೇಳಿಸುವಷ್ಟು ಜೋರಾಗಿಯೇ ಕೂಗಿದಳು. ಸಿಟ್ಟೇನೂ ಇಳಿದಿರಲಿಲ್ಲ.

"ಏನಾಯ್ತು ಮೇಸ್ತ್ರಿ?" ಎಂದು ಗಿರಾಕಿಯೊಬ್ಬ ಹಿಂದಿನಿಂದ ಕೇಳಿದ. ಅಪ್ಪ ಕದಲಲಿಲ್ಲ. ಗೇರಿನ ಮೇಲಿದ್ದ ಬೆರಳುಗಳನ್ನು ಮೆಲ್ಲನೆ ಬಿಗಿದು, ಕಣ್ಣು ಮುಚ್ಚಿಕೊಂಡರು.

"ಏನಿಲ್ಲ," ಎಂದಳು ಮಗಳು ಕಿಟಕಿಯಿಂದ ತಲೆ ಹೊರಹಾಕಿ. "ನನ್ನ ಕೈ ಕೀಗೆ ತಗುಲ್ತು."